ಟ್ಯಾನ್‌ನಿಂದ ಪಡೆದ ಕೋನದಲ್ಲಿ ವರ್ಗ ಸರಿ ಬರುತ್ತದೆ, ಘನದ ಚಿಹ್ನೆ ತಪ್ಪುತ್ತದೆ: ಏಕೆ?

ಪ್ರಶ್ನೆ – ಪ್ರಥಮ ಪಿಯು ವಿದ್ಯಾರ್ಥಿನಿ

ನಾನು ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದಲ್ಲಿದ್ದೇನೆ. ಸಂಮಿಶ್ರ ಸಂಖ್ಯೆಗಳ ಒಂದು ಲೆಕ್ಕದಲ್ಲಿ ಎರಡು ದಿನದಿಂದ ಸಿಕ್ಕಿಕೊಂಡಿದ್ದೇನೆ. ಝಡ್ = −1 − ಐ√3 ಎಂದಿದ್ದಾಗ (ಐ ಎಂದರೆ √−1) ಅದರ ಘನವನ್ನು ಧ್ರುವೀಯ ರೂಪದ ಮೂಲಕ, ಅಂದರೆ ಸಂಖ್ಯೆಯನ್ನು ಸಮತಲದ ಒಂದು ಬಿಂದುವಾಗಿ ಕಂಡು ಮೂಲಬಿಂದುವಿನಿಂದ ಅದರ ದೂರ ಮತ್ತು ಕೋನಗಳಿಂದ ಬರೆದು, ಕಂಡುಹಿಡಿಯಬೇಕು. ಮಾಡ್ಯುಲಸ್, ಅಂದರೆ ಆ ದೂರ, √(1 + 3) = 2 ಬಂದಿತು. ಕೋನಕ್ಕಾಗಿ ಕಾಲ್ಪನಿಕ ಭಾಗವನ್ನು ವಾಸ್ತವ ಭಾಗದಿಂದ ಭಾಗಿಸಿದಾಗ ಟ್ಯಾನ್‌ನ ಬೆಲೆ √3 ಬಂದಿದ್ದರಿಂದ 60° ಎಂದು ಬರೆದೆ. ಮಾಡ್ಯುಲಸ್‌ನ ಘನ ಮಾಡಿ, ಕೋನವನ್ನು ಮೂರರಿಂದ ಗುಣಿಸಿದರೆ 8(ಕಾಸ್ 180° + ಐ ಸೈನ್ 180°), ಅಂದರೆ −8.

ಆದರೆ ನೇರವಾಗಿ ಗುಣಿಸಿ ನೋಡಿದಾಗ 8 ಬರುತ್ತದೆ. ಗುಣಾಕಾರದಲ್ಲಿಯೇ ತಪ್ಪಿರಬಹುದೆಂದು ಮೂರು ಸಲ ಮಾಡಿದೆ. ಪ್ರತಿ ಸಲವೂ 8. ನನ್ನನ್ನು ಹೆಚ್ಚು ಗೊಂದಲಕ್ಕೆ ಕೆಡವಿದ್ದು ಇನ್ನೊಂದು ವಿಷಯ: ಇದೇ 60° ಕೋನದಿಂದ ವರ್ಗವನ್ನು ಕಂಡುಹಿಡಿದರೆ −2 + 2ಐ√3 ಎಂಬ ಸರಿಯಾದ ಉತ್ತರವೇ ಬರುತ್ತದೆ. ಕೋನ ತಪ್ಪಾಗಿದ್ದರೆ ವರ್ಗವೂ ತಪ್ಪಬೇಕಲ್ಲವೇ?

ಉತ್ತರ – ನಿವೃತ್ತ ಗಣಿತ ಉಪನ್ಯಾಸಕ

ನೀವು ಎರಡು ದಾರಿಯಲ್ಲಿ ಮಾಡಿ ತಾಳೆ ನೋಡಿರುವುದರಿಂದ ದೋಷವನ್ನು ಹುಡುಕುವುದು ಸುಲಭವಾಗಿದೆ. ಘನವನ್ನು ಸದ್ಯಕ್ಕೆ ಬದಿಗಿಟ್ಟು, ನೀವು ಬರೆದ 2(ಕಾಸ್ 60° + ಐ ಸೈನ್ 60°) ಎಂಬುದನ್ನು ಮತ್ತೆ ಸಾಮಾನ್ಯ ರೂಪಕ್ಕೆ ತಂದು, ಏನು ಬರುತ್ತದೆಂದು ಇಲ್ಲಿ ಬರೆಯಿರಿ.

ವಿದ್ಯಾರ್ಥಿನಿ

1 + ಐ√3 ಬಂದಿತು, ಸರ್. ಎರಡೂ ಚಿಹ್ನೆಗಳು ತಿರುಗಿವೆ. ಆದರೆ ನಾನು ಸೂತ್ರವನ್ನು ಸರಿಯಾಗಿಯೇ ಬಳಸಿದ್ದೆನಲ್ಲ?

ನಿವೃತ್ತ ಉಪನ್ಯಾಸಕ

ಸೂತ್ರ ಸರಿ, ಆದರೆ ಅದು ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ. −√3 ಅನ್ನು −1ರಿಂದ ಭಾಗಿಸಿದಾಗಲೂ √3 ಅನ್ನು 1ರಿಂದ ಭಾಗಿಸಿದಾಗಲೂ ಬರುವ ಭಾಗಲಬ್ಧ ಒಂದೇ; ಎರಡು ಋಣ ಚಿಹ್ನೆಗಳು ಒಂದನ್ನೊಂದು ಹೊಡೆದುಹಾಕಿದ ಕೂಡಲೇ ಬಿಂದು ಮೂಲಬಿಂದುವಿನ ಯಾವ ಪಕ್ಕದಲ್ಲಿತ್ತು ಎಂಬ ಮಾಹಿತಿಯೇ ಅಳಿಸಿಹೋಗುತ್ತದೆ. ಟ್ಯಾನ್‌ನ ಬೆಲೆ ಪ್ರತಿ 180°ಗೆ ಪುನರಾವರ್ತನೆಯಾಗುವುದರಿಂದಲೂ, ವಿಲೋಮ ಟ್ಯಾನ್‌ನ ಪ್ರಧಾನ ಬೆಲೆ −90° ಮತ್ತು 90°ಗಳ ನಡುವೆಯೇ ಇರಬೇಕೆಂದು ನಾವು ಒಪ್ಪಿಕೊಂಡಿರುವುದರಿಂದಲೂ, ಅದು ಯಾವಾಗಲೂ ಬಲ ಅರ್ಧದ ಕೋನವನ್ನೇ ಹೇಳುತ್ತದೆ. ನಿಮ್ಮ ಬಿಂದು ಎಡಭಾಗದಲ್ಲಿ, ಮೂರನೆಯ ಚತುರ್ಥಕದಲ್ಲಿದೆ.

ಈಗ ವರ್ಗದ ಒಗಟು ಬಿಡುತ್ತದೆ. ನೀವು ಲೆಕ್ಕ ಹಾಕಿದ್ದು ಝಡ್‌ನ ಘಾತಗಳನ್ನಲ್ಲ, −ಝಡ್‌ನ ಘಾತಗಳನ್ನು. ವರ್ಗದಲ್ಲಿಯೂ ನಾಲ್ಕನೆಯ ಘಾತದಲ್ಲಿಯೂ ಋಣ ಚಿಹ್ನೆ ಕಾಣೆಯಾಗುತ್ತದೆ, ಘನದಲ್ಲಿ ಉಳಿಯುತ್ತದೆ. ಸಮ ಘಾತಗಳು ಸರಿಬಂದು ಬೆಸ ಘಾತಗಳಲ್ಲಿ ಮಾತ್ರ ಚಿಹ್ನೆ ತಿರುಗಿದರೆ, ಕೋನದಲ್ಲಿ ಸರಿಯಾಗಿ 180° ವ್ಯತ್ಯಾಸವಾಗಿದೆಯೇ ಎಂದು ಮೊದಲು ನೋಡಬೇಕು.

ಮಾಡಬೇಕಾದದ್ದು ಇಷ್ಟೇ: ಆರ್ಗಾಂಡ್ ಸಮತಲದಲ್ಲಿ (ವಾಸ್ತವ ಭಾಗ ಅಡ್ಡ ಅಕ್ಷದ ಮೇಲೆ, ಕಾಲ್ಪನಿಕ ಭಾಗ ಲಂಬ ಅಕ್ಷದ ಮೇಲೆ) ಬಿಂದುವನ್ನು ಗುರುತಿಸಿ, ಚಿಹ್ನೆಗಳನ್ನು ಬಿಟ್ಟು, ಬೆಲೆಗಳಿಂದ ಮಾತ್ರ ಲಘುಕೋನವನ್ನು ಕಂಡುಹಿಡಿಯಿರಿ, ಇಲ್ಲಿ ಅದು 60°, ಬಳಿಕ ಬಿಂದು ಮೊದಲನೆಯ ಚತುರ್ಥಕದಲ್ಲಿದ್ದರೆ ಅದನ್ನೇ ಇಟ್ಟುಕೊಳ್ಳಿ, ಎರಡನೆಯದರಲ್ಲಿದ್ದರೆ 180°ಯಿಂದ ಅದನ್ನು ಕಳೆಯಿರಿ, ಮೂರನೆಯದರಲ್ಲಿದ್ದರೆ ಅದರಿಂದ 180° ಕಳೆಯಿರಿ, ನಾಲ್ಕನೆಯದರಲ್ಲಿದ್ದರೆ ಋಣ ಚಿಹ್ನೆ ಸೇರಿಸಿ. ನಿಮ್ಮ ಲೆಕ್ಕಕ್ಕೆ 60° − 180° = −120°. ಇದನ್ನು ಬಾಯಿಪಾಠ ಮಾಡುವುದಕ್ಕಿಂತ ಪ್ರತಿ ಸಲ ಚಿತ್ರ ಬರೆಯುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಪರೀಕ್ಷೆಯ ಗಡಿಬಿಡಿಯಲ್ಲಿ ನಾಲ್ಕು ನಿಯಮಗಳು ಒಂದರೊಳಗೊಂದು ಸೇರಿಹೋಗುತ್ತವೆ.

ಇನ್ನೊಂದು ಮಾತು. ಐ ಅನ್ನು ಮೂಲಚಿಹ್ನೆಗಿಂತ ಮೊದಲು ಬರೆದಿದ್ದೀರಿ, ಒಳ್ಳೆಯ ಅಭ್ಯಾಸ. ಅದನ್ನು ಮೂಲಚಿಹ್ನೆಯ ನಂತರ ಬರೆದವರ ಉತ್ತರ ಪತ್ರಿಕೆಗಳಲ್ಲಿ ಮೂಲಚಿಹ್ನೆಯ ಗೆರೆ ಉದ್ದವಾಗಿ, ಐ ಅದರ ಒಳಗೆ ಸೇರಿಕೊಂಡಿರುವುದನ್ನು ನಾನು ಬಹಳ ಕಂಡಿದ್ದೇನೆ.

ವಿದ್ಯಾರ್ಥಿನಿ

ಈಗ 3 × (−120°) = −360° ಆಗಿ ಘನ 8 ಬಂದಿತು. ಆದರೆ ನನ್ನ ಗೆಳತಿ 240° ಎಂದು ಬರೆದಿದ್ದಾಳೆ, ಅವಳಿಗೂ 8 ಬಂದಿದೆ. ಹಾಗೆಯೇ ವರ್ಗಕ್ಕೆ ನನಗೆ −240° ಬರುತ್ತದೆ, ಅದೂ ಸರಿಯೇ?

ಎಂಜಿನಿಯರಿಂಗ್ ವಿದ್ಯಾರ್ಥಿ

ದಿಕ್ಕಿನ ದೃಷ್ಟಿಯಿಂದ ಎರಡೂ ಒಂದೇ. ಒಬ್ಬರು ಎಡಕ್ಕೆ ಸುತ್ತಿಕೊಂಡು ಹೋದರು, ಇನ್ನೊಬ್ಬರು ಬಲಕ್ಕೆ. ಆದರೆ ಈ ಕೋನಕ್ಕೆ ಆರ್ಗ್ಯುಮೆಂಟ್ ಎನ್ನುತ್ತಾರೆ; ಪ್ರಶ್ನೆಯಲ್ಲಿ ಪ್ರಧಾನ ಆರ್ಗ್ಯುಮೆಂಟ್ ಎಂದು ಕೇಳಿದ್ದರೆ ಅದು −180°ಗಿಂತ ಹೆಚ್ಚಾಗಿಯೂ 180°ಯನ್ನು ಮೀರದೆಯೂ ಇರಬೇಕು, ಆಗ −120° ಮಾತ್ರ ಸರಿ. ನಿಮ್ಮ −240° ಈ ಮಿತಿಯ ಹೊರಗಿರುವುದರಿಂದ 360° ಕೂಡಿಸಿ 120° ಎಂದು ಬರೆಯಬೇಕು. ಎನ್‌ಸಿಇಆರ್‌ಟಿ ಪುಸ್ತಕದಿಂದ ಧ್ರುವೀಯ ರೂಪದ ಭಾಗವನ್ನು ಈಚೆಗೆ ಕೈಬಿಟ್ಟಿದ್ದರೂ, ಜೆಇಇ ಮೇನ್ ಪಠ್ಯಕ್ರಮದಲ್ಲಿ ಆರ್ಗ್ಯುಮೆಂಟ್ ಇದೆ.

ಕಂಪ್ಯೂಟರ್‌ನಲ್ಲಿಯೂ ಇದೇ ತಪ್ಪು ಆಗುತ್ತದೆ. ಪೈಥಾನ್ ಮತ್ತು ಸಿ ಭಾಷೆಗಳಲ್ಲಿ ಏಟ್ಯಾನ್, ಏಟ್ಯಾನ್2 ಎಂಬ ಎರಡು ಫಂಕ್ಷನ್‌ಗಳಿವೆ. ಮೊದಲನೆಯದಕ್ಕೆ ಭಾಗಲಬ್ಧವನ್ನು ಕೊಡುತ್ತೇವೆ, ಆದ್ದರಿಂದ ಅದಕ್ಕೆ ಚತುರ್ಥಕ ತಿಳಿಯುವುದಿಲ್ಲ. ಎರಡನೆಯದಕ್ಕೆ ಕಾಲ್ಪನಿಕ ಭಾಗವನ್ನು ಮೊದಲು, ವಾಸ್ತವ ಭಾಗವನ್ನು ನಂತರ, ಬೇರೆಬೇರೆಯಾಗಿ ಕೊಡುತ್ತೇವೆ. ನಿಮ್ಮ ಸಂಖ್ಯೆಗೆ ಅದು ರೇಡಿಯನ್‌ಗಳಲ್ಲಿ ಸುಮಾರು −2.0944 ಎನ್ನುತ್ತದೆ, ಅಂದರೆ −120°. ಈ ಕ್ರಮವನ್ನು ಅದಲುಬದಲು ಮಾಡಿ ನಾನೊಮ್ಮೆ ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ.

ವಿದ್ಯಾರ್ಥಿನಿ

ಇದೇ ಕ್ರಮದಲ್ಲಿ ಮುಂದಿನ ಲೆಕ್ಕವನ್ನು ಮಾಡಿದೆ. −√3 + ಐ ಎರಡನೆಯ ಚತುರ್ಥಕದಲ್ಲಿದೆ, ಲಘುಕೋನ 30°, ಆರ್ಗ್ಯುಮೆಂಟ್ 150°; ಘನ 8(ಕಾಸ್ 450° + ಐ ಸೈನ್ 450°) = 8ಐ. ನೇರ ಗುಣಾಕಾರದಲ್ಲಿಯೂ 8ಐ ಬಂದಿತು. ಆದರೆ ಅದರ ಮುಂದಿನ ಸಂಖ್ಯೆ −2ಐ. ಇಲ್ಲಿ ವಾಸ್ತವ ಭಾಗವೇ ಸೊನ್ನೆ. ಸೊನ್ನೆಯಿಂದ ಭಾಗಿಸುವುದು ಹೇಗೆ?

ನಿವೃತ್ತ ಉಪನ್ಯಾಸಕ

ಭಾಗಿಸಬೇಡಿ. ಬಿಂದು ಅಕ್ಷದ ಮೇಲೆಯೇ, ನೇರವಾಗಿ ಕೆಳಗಿದೆ. ಚಿತ್ರ ನೋಡಿದರೆ −90° ಎಂದು ಕಾಣುತ್ತದೆ. ಅಕ್ಷಗಳ ಮೇಲಿನ ಬಿಂದುಗಳಿಗೆ ಟ್ಯಾನ್‌ನ ಗೊಡವೆಯೇ ಬೇಡ. −2 ಎಂಬ ಸಂಖ್ಯೆಗೆ ಅದು 0° ಎಂದು ಹೇಳಿಬಿಡುತ್ತದೆ, ಇರುವುದು 180°.

ವಿದ್ಯಾರ್ಥಿನಿ

ಅದರ ಘನವೂ 8ಐ ಬಂದಿತು, ಸರ್. ಎರಡು ಬೇರೆ ಸಂಖ್ಯೆಗಳಿಗೆ ಒಂದೇ ಘನ ಇರಬಹುದೇ, ಅಥವಾ ಮತ್ತೆ ಚಿಹ್ನೆ ತಪ್ಪಿದ್ದೇನೆಯೇ?

ನಿವೃತ್ತ ಉಪನ್ಯಾಸಕ

ತಪ್ಪಿಲ್ಲ. ಡಿ ಮೋವರ್ ಪ್ರಮೇಯದ ಪ್ರಕಾರ ಘನ ಮಾಡುವಾಗ ಕೋನ ಮೂರು ಪಟ್ಟಾಗುತ್ತದೆ. ಆದ್ದರಿಂದ ಒಂದೇ ವೃತ್ತದ ಮೇಲೆ 120° ಅಂತರದಲ್ಲಿರುವ ಬಿಂದುಗಳು 360°ಯಷ್ಟು ವ್ಯತ್ಯಾಸ ಹೊಂದಿ ಒಂದೇ ಕಡೆ ಬಂದು ಸೇರುತ್ತವೆ. ಗುಣಾಕಾರವನ್ನು ಹೀಗೆ ತಿರುಗಿಸುವಿಕೆಯಾಗಿ ಕಾಣುವ ಚಿತ್ರವನ್ನು 1797ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟ ಕಾಸ್ಪರ್ ವೆಸ್ಸೆಲ್ ಭೂಮಾಪಕರಾಗಿದ್ದರು. ಸಮತಲಕ್ಕೆ ಹೆಸರು ಕೊಟ್ಟ ಆರ್ಗಾಂಡ್ ಅವರ ಪ್ರಬಂಧ ಬಂದದ್ದು 1806ರಲ್ಲಿ. 2 ತ್ರಿಜ್ಯದ ವೃತ್ತ ಬರೆದು ನಿಮ್ಮ 150° ಮತ್ತು −90°ಗಳನ್ನು ಗುರುತಿಸಿ ನೋಡಿ. ಇನ್ನೊಂದು ಬಿಂದು ಬಾಕಿ ಇದೆ.

ವಿದ್ಯಾರ್ಥಿನಿ

30°ಯಲ್ಲಿ ಇದೆ: √3 + ಐ. ಗುಣಿಸಿ ನೋಡಿದೆ, ಅದರ ಘನವೂ 8ಐ.