ಅರಿಶಿನದ ಕಲೆಗೆ ದೊಡ್ಡಮ್ಮನ ಉತ್ತರ

ಪುಟ್ಟೀ, ಮೊದಲು ಗಾಬರಿ ಬಿಡು. ಗೃಹಪ್ರವೇಶದ ಊಟದಲ್ಲಿ ಮಾವನವರ ಪಂಚೆಗೆ ಸಾರು ಚೆಲ್ಲಿತು, ರಾತ್ರಿ ಪೌಡರಿನಲ್ಲಿ ನೆನೆಹಾಕಿದೆ, ಬೆಳಗ್ಗೆ ನೋಡಿದರೆ ಹಳದಿ ಕಲೆ ಕೆಂಪಗಾಗಿದೆ, ಯಾವ ಪೌಡರ್ ತಂದರೆ ಹೋಗುತ್ತದೆ ಎಂದು ಫೋಟೊ ಹಾಕಿ ಕೇಳಿದ್ದೀಯೆ. ಅದರ ಕೆಳಗೆ ನಿನ್ನ ಸೋದರಮಾವ ಕುದಿಯುವ ನೀರು ಸುರಿ ಎಂದಿದ್ದಾನೆ, ಚಿಕ್ಕಮ್ಮ ಬ್ಲೀಚ್ ಹಾಕು ಎಂದಿದ್ದಾಳೆ. ಎರಡನ್ನೂ ಮಾಡಬೇಡ. ಆ ಪಂಚೆಗೆ ಜರಿ ಅಂಚಿದೆ, ಬ್ಲೀಚ್ ತಗುಲಿದರೆ ಜರಿ ಕಪ್ಪಾಗುತ್ತದೆ. ಬರೆಯಲು ಕೂತರೆ ಹೊತ್ತಾಗುತ್ತದೆ ಎಂದು ಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾದರೂ ಪೂರ್ತಿ ಕೇಳು.

ಕೆಂಪಾಯಿತು ಎಂದರೆ ಕಲೆ ಹೆಚ್ಚಾಯಿತು ಎಂದಲ್ಲ. ಆರತಿಗೆ ಓಕುಳಿ ಕದಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದೊಡನೆ ಕೆಂಪೇರುವುದನ್ನು ಚಿಕ್ಕಂದಿನಿಂದ ನೋಡಿದ್ದೀಯೆ. ನಿನ್ನ ಬಕೆಟ್ಟಿನಲ್ಲಿ ಆಗಿರುವುದೂ ಅದೇ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಕ್ಷಾರ ಸೋಕಿದರೆ ಕೆಂಪಾಗುತ್ತದೆ, ಹುಳಿ ಸೋಕಿದರೆ ಹಳದಿಗೆ ಮರಳುತ್ತದೆ. ಪೌಡರಿನಲ್ಲಿರುವ ವಾಷಿಂಗ್ ಸೋಡಾ ಕ್ಷಾರ. ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ಜಾಲಿಸು, ಕೆಂಪು ಇಳಿದು ಹಳದಿ ಕಾಣಿಸುತ್ತದೆ. ಹಾಗೂ ಇಳಿಯದಿದ್ದರೆ ಕಲೆಯ ಮೇಲೆ ಮಾತ್ರ ನಾಲ್ಕು ಹನಿ ನಿಂಬೆರಸ ಹಿಂಡಿ ಮತ್ತೆ ಜಾಲಿಸು.

ಇದನ್ನು ಕೇಳಿದ ಮಾತಿನ ಮೇಲೆ ಹೇಳುತ್ತಿಲ್ಲ. ಕಳೆದ ಬೇಸಿಗೆಯಲ್ಲಿ ಉಪನಯನ ಮುಗಿದ ಮೇಲೆ ಮನೆ ತುಂಬ ಕಲೆಯ ಬಟ್ಟೆಗಳಿದ್ದವು, ನೆಂಟರಲ್ಲಿ ಒಬ್ಬೊಬ್ಬರು ಒಂದೊಂದು ಪೌಡರನ್ನು ಹೊಗಳುತ್ತಿದ್ದರು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದವಳಿಗೆ ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಹಳೆಯ ಬಿಳಿ ಪಂಚೆಯೊಂದನ್ನು ಅಂಗೈಯಗಲ ಕತ್ತರಿಸಿ 25 ತುಂಡು ಮಾಡಿದೆ. ಐದು ಬಗೆಯ ಕಲೆ: ಸಾರು, ಉಪ್ಪಿನಕಾಯಿಯ ಕೆಂಪು ಎಣ್ಣೆ, ಫಿಲ್ಟರ್ ಕಾಫಿ, ಶಾವಿಗೆ ಪಾಯಸ, ಬಾಳೆಕಾಯಿಯ ಸೊನೆ. ಎಲ್ಲವೂ ಒಂದೊಂದು ಚಮಚ, ಒಂದು ರಾತ್ರಿ ಒಣಗಲು ಬಿಟ್ಟೆ. ಊಟದ ಮನೆಯಿಂದ ಬಂದ ಬಟ್ಟೆ ಚೀಲದಲ್ಲಿ ಒಂದು ರಾತ್ರಿಯಾದರೂ ಬಿದ್ದಿರುತ್ತದೆ ತಾನೆ? ಅಂಗಡಿಯಿಂದ ತಂದ ನಾಲ್ಕು ಪೌಡರುಗಳಿಗೆ ಕಲೆಗೊಂದರಂತೆ ತುಂಡು ಕೊಟ್ಟೆ. ಐದನೆಯ ತುಂಡಿಗೆ ಬರೀ ನೀರು. ಒಂದು ಲೀಟರ್ ನೀರಿಗೆ ಒಂದೇ ಅಳತೆಯ ಪೌಡರ್, ಅರ್ಧ ಗಂಟೆ ನೆನೆ, ಹತ್ತು ಸಲ ಉಜ್ಜು, ಎರಡು ಸಲ ಜಾಲಿಸು. ಗುರುತಿಗೆ ತುಂಡಿನ ಮೂಲೆಯಲ್ಲಿ ದಾರದ ಗಂಟು. ಯಾವ ಗಂಟು ಯಾವ ಪೌಡರ್ ಎಂಬುದು ನನಗೆ ಮಾತ್ರ ಗೊತ್ತಿತ್ತು, ಅಂಕ ಹಾಕಿದವರು ನಿನ್ನ ದೊಡ್ಡಪ್ಪ. ಹೆಸರು ಗೊತ್ತಿದ್ದರೆ ಯಾರ ಕಣ್ಣಾದರೂ ಒಂದು ಕಡೆಗೆ ವಾಲುತ್ತದೆ.

ಆ ಬರೀ ನೀರಿನ ತುಂಡು ನನಗೆ ಎಷ್ಟು ಕಲಿಸಿತು ಗೊತ್ತೇ! ಕಾಫಿ ಕಲೆ ನೀರಿನಲ್ಲೇ ಮುಕ್ಕಾಲು ಹೋಗಿತ್ತು. ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಹೋಗಿದ್ದರೆ ನಾಲ್ಕು ಪೌಡರಿಗೂ ಭೇಷ್ ಎನ್ನುತ್ತಿದ್ದೆ. ಬಾಳೆಕಾಯಿಯ ಸೊನೆಯ ಕರೆಯಂತೂ ಐದರಲ್ಲೂ ಹಾಗೆಯೇ ಉಳಿಯಿತು, ಇವತ್ತಿಗೂ ಇದೆ. ಎಣ್ಣೆಗೆ ಪೌಡರಿನಲ್ಲಿ ನೆನೆಸುವುದಕ್ಕಿಂತ, ಬಟ್ಟೆ ಒಣಗಿರುವಾಗಲೇ ಬಟ್ಟೆ ಸೋಪನ್ನು ಕಲೆಯ ಮೇಲೆ ತಿಕ್ಕಿ ಹತ್ತು ನಿಮಿಷ ಬಿಟ್ಟು ಒಗೆದದ್ದು ಮೇಲಾಯಿತು. ಮೊದಲೇ ನೀರು ಕುಡಿದ ಬಟ್ಟೆಯಲ್ಲಿ ಸೋಪು ಎಣ್ಣೆಯ ತನಕ ತಲುಪುವ ಮುಂಚೆಯೇ ತೆಳುವಾಗಿಬಿಡುತ್ತದೆ.

ಪಾಯಸದ ಕಲೆಯೇ ಕಷ್ಟ, ಒಗೆದ ಮೇಲೆ ಕಣ್ಣಿಗೆ ಕಾಣಿಸುವುದಿಲ್ಲ. ಗಂಜಿಯ ಅಂಶ ಉಳಿದಿದೆಯೇ ಎಂದು ನೋಡಲು ಔಷಧಿ ಅಂಗಡಿಯ ಟಿಂಚರ್ ಅಯೋಡಿನ್ನನ್ನು ನೀರಿಗೆ ಬೆರೆಸಿ ಒಂದು ಹನಿ ಬಿಟ್ಟೆ. ಗಂಜಿ ಇದ್ದರೆ ಕಡುನೀಲಿ ಆಗಬೇಕು. ಇಡೀ ತುಂಡೇ ನೀಲಿಯಾಯಿತು! ಆಮೇಲೆ ಹೊಳೆಯಿತು, ಆ ಪಂಚೆಗೆ ವರ್ಷಗಟ್ಟಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ್ದೆವು. ಇನ್ನೊಂದು ಪಂಚೆಯನ್ನು ಬಿಸಿನೀರಿನಲ್ಲಿ ಕುದಿಸಿ ಗಂಜಿ ಬಿಡಿಸಿ, ಪಾಯಸದ ಪರೀಕ್ಷೆಯನ್ನು ಮೊದಲಿನಿಂದ ಮಾಡಿದೆ. ಪೊಟ್ಟಣದ ಮೇಲೆ ಎಂಜೈಮ್ ಇದೆ ಎಂದು ಬರೆದಿದ್ದ ಪೌಡರಿನ ತುಂಡಿನಲ್ಲಿ ನೀಲಿ ಕಡಿಮೆ ಇತ್ತು. ಅದನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿದಾಗ ನೀಲಿ ಕಾಣಿಸಲೇ ಇಲ್ಲ.

ಅಣ್ಣಾ, ನೀನೂ ಕೇಳಿಸಿಕೊಳ್ಳುತ್ತಿದ್ದೀಯೆ ಎಂದು ಗೊತ್ತು. ಎಂಜೈಮ್ ಎನ್ನುವುದು ಟಿವಿ ಜಾಹೀರಾತಿನವರು ಹುಟ್ಟಿಸಿದ ಮಾತು ಎಂದು ನೀನು ಬರೆದಿದ್ದೀಯೆ. ಹಾಗಲ್ಲ. ಜರ್ಮನಿಯ ಓಟ್ಟೋ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು, ಎಂದರೆ ಎಂಜೈಮನ್ನೇ, ಬಟ್ಟೆ ಒಗೆಯಲು ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಮ್ಮ ಹೊಟ್ಟೆಯಲ್ಲಿ ಅನ್ನ ಕರಗಿಸುವ ಬಗೆಯ ಕಿಣ್ವಗಳೇ ಬಕೆಟ್ಟಿನಲ್ಲೂ ಕೆಲಸ ಮಾಡುತ್ತವೆ. ಗಂಜಿಗೆ ಅಮೈಲೇಸ್, ಹಾಲು ಮೊಟ್ಟೆಯಂಥ ಪ್ರೋಟೀನಿಗೆ ಪ್ರೋಟಿಯೇಸ್, ಜಿಡ್ಡಿಗೆ ಲೈಪೇಸ್. ಕಿಣ್ವಕ್ಕೆ ಬೇಕಾದದ್ದು ಸಮಯ ಮತ್ತು ಹದವಾದ ಬಿಸಿ. ಕುದಿಯುವ ನೀರು ಸುರಿದರೆ ಕಿಣ್ವವೇ ಕೆಡುತ್ತದೆ, ಜೊತೆಗೆ ಹಾಲು ಮೊಟ್ಟೆಯ ಕಲೆ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ನಿನ್ನ ಸಲಹೆಯನ್ನು ಬೇಡ ಎಂದದ್ದು ಅದಕ್ಕೇ, ಬೇಸರಿಸಬೇಡ.

ಹಾಗೆಂದು ಎಂಜೈಮ್ ಪೌಡರನ್ನು ರೇಷ್ಮೆ ಸೀರೆಗೆ ಯಾರೂ ಹಾಕಬೇಡಿ. ರೇಷ್ಮೆಯೂ ಪ್ರೋಟೀನು, ಉಣ್ಣೆಯೂ ಪ್ರೋಟೀನು. ಕಲೆಯನ್ನು ತಿನ್ನುವ ಪ್ರೋಟಿಯೇಸ್ ನೂಲನ್ನೂ ತಿನ್ನುತ್ತದೆ. ಅಮ್ಮ ಅಂಟುವಾಳದ ನೊರೆಯಲ್ಲೇ ಒಗೆಯುತ್ತಿದ್ದಳು, ಆ ಸೀರೆಗಳು ಈಗಲೂ ಬೀರುವಿನಲ್ಲಿ ಗಟ್ಟಿಯಾಗಿವೆ.

ಇನ್ನು ಅಂಕಗಳ ವಿಷಯ. ನಿನ್ನ ದೊಡ್ಡಪ್ಪ ಹಗಲಿನಲ್ಲಿ ನೋಡಿ ಮೂರು ಗಂಟಿನ ತುಂಡುಗಳೇ ಎಲ್ಲಕ್ಕಿಂತ ಬಿಳಿ ಎಂದರು. ಅವನ್ನೇ ಕಲಸಿ ರಾತ್ರಿ ಎಲ್‌ಇಡಿ ದೀಪದ ಕೆಳಗೆ ತೋರಿಸಿದಾಗ ಅವಕ್ಕೂ ಎರಡು ಗಂಟಿನವಕ್ಕೂ ವ್ಯತ್ಯಾಸ ಹೇಳಲು ಅವರಿಂದ ಆಗಲಿಲ್ಲ. ಅನೇಕ ಪೌಡರುಗಳಲ್ಲಿ ಹೊಳಪು ಕೊಡುವ ವಸ್ತು ಇರುತ್ತದೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಅದು ನೀಲಿ ಬೆಳಕನ್ನು ಬಿಡುತ್ತದೆ, ಹಳದಿ ಛಾಯೆ ಮರೆಯಾಗಿ ಬಟ್ಟೆ ಬೆಳ್ಳಗೆ ಕಾಣುತ್ತದೆ. ಕಲೆ ಹೋದದ್ದು ಬೇರೆ, ಬಟ್ಟೆ ಹೊಳೆದದ್ದು ಬೇರೆ. ಪ್ರಯೋಗಾಲಯಗಳಲ್ಲಿ ಇದನ್ನು ಕಣ್ಣಿಗೆ ಬಿಡುವುದಿಲ್ಲ. ಒಂದೇ ಸಮನೆ ಕಲೆ ಹಚ್ಚಿದ ಬಟ್ಟೆಯನ್ನು ಒಗೆದು, ಬೆಳಕು ಎಷ್ಟು ಪ್ರತಿಫಲಿಸುತ್ತದೆ ಎಂದು ಒಗೆಯುವ ಮುಂಚೆ ಮತ್ತು ಆಮೇಲೆ ಉಪಕರಣದಿಂದ ಅಳೆಯುತ್ತಾರೆ, ನೇರಳಾತೀತ ಕಿರಣವನ್ನು ತಡೆದೂ ಅಳೆಯುತ್ತಾರೆ. ಮನೆಯಲ್ಲಿ ನಮಗಿರುವ ಉಪಾಯ ಎರಡು ಬೆಳಕಿನಲ್ಲಿ ನೋಡುವುದು.

ಈಗ ನಿನ್ನ ಪಂಚೆಗೆ ಬರುತ್ತೇನೆ. ಸಾರಿನ ಕಲೆಯ ಐದು ತುಂಡುಗಳಲ್ಲಿ ನಾಲ್ಕು ಪೌಡರಿನಲ್ಲಿ ಕೆಂಪಾದವು, ಜಾಲಿಸಿದ ಮೇಲೆ ಹಳದಿಯಾದವು. ಒಂದೂ ಬಿಳಿಯಾಗಲಿಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ, ಒಗ್ಗರಣೆಯ ತುಪ್ಪದ ಜೊತೆ ನೂಲಿನೊಳಗೆ ಇಳಿದಿರುತ್ತದೆ. ಪ್ರತಿ ತುಂಡನ್ನೂ ಎರಡಾಗಿ ಹರಿದು ಒಂದನ್ನು ನಡುಮನೆಯ ಕಪಾಟಿನಲ್ಲಿಟ್ಟೆ, ಇನ್ನೊಂದನ್ನು ಅಂಗಳದ ತಂತಿಗೆ ಹಾಕಿದೆ. ಎರಡು ದಿನದ ಬಿಸಿಲಿಗೆ ತಂತಿಯ ಮೇಲಿನ ಪೌಡರಿನ ತುಂಡುಗಳೆಲ್ಲ ಬೆಳ್ಳಗಾದವು. ಬರೀ ನೀರಿನದರಲ್ಲೂ ಹಳದಿ ಹೋಗಿ ಜಿಡ್ಡಿನ ಗುರುತು ಮಾತ್ರ ಉಳಿಯಿತು. ಕಪಾಟಿನೊಳಗಿನವು ಐದೂ ಹಳದಿಯಾಗಿಯೇ ಇದ್ದವು. ಬೆಳಕು ಕರ್ಕ್ಯುಮಿನ್ನನ್ನು ಒಡೆಯುತ್ತದೆ. ಜಿಡ್ಡನ್ನು ಪೌಡರ್ ತೆಗೆಯಿತು, ಬಣ್ಣವನ್ನು ಸೂರ್ಯ ತೆಗೆದ. ಆ ಎರಡು ಸಾಲು ತುಂಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ನಿನ್ನಲ್ಲಿ ಒಂದು ತೊಡಕಿದೆ. ನಮ್ಮ ಬಾವಿಯ ನೀರು ಮೆದು, ನಿಮ್ಮ ಅಪಾರ್ಟ್‌ಮೆಂಟಿನದು ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಬಿಳಿ ಗಷ್ಟಾಗಿ ಬಟ್ಟೆಗೆ ಮೆತ್ತುತ್ತವೆ. ಆದ್ದರಿಂದ ಸೋಪು ತಿಕ್ಕಿದ್ದನ್ನು ಒಗೆಯುವಾಗಲೂ ಕಡೆಯ ಜಾಲಿಸುವಿಕೆಗೂ ಕುಡಿಯಲು ಆರ್‌ಒ ಯಂತ್ರದಲ್ಲಿ ಶುದ್ಧ ಮಾಡಿದ ನೀರನ್ನು ಒಂದು ಬಕೆಟ್ ಬಳಸು, ಒಂದು ಪಂಚೆಗೆ ಅಷ್ಟು ಖರ್ಚು ಮಾಡಬಹುದು.

ಹೊಸ ಪೌಡರ್ ತರಲು ಹೋಗಬೇಡ. ಜಾಲಿಸಿ, ಹಿಂಡಿ, ಕಲೆಯ ಭಾಗ ಮೇಲೆ ಬರುವಂತೆ ಬಾಲ್ಕನಿಯ ನೇರ ಬಿಸಿಲಿಗೆ ಹಾಕು. ಕಿಟಕಿಯ ಗಾಜಿನ ಒಳಗೆ ಬೇಡ. ಜಿಡ್ಡಿನ ಗುರುತು ಉಳಿದರೆ ಒಣಗಿದ ಮೇಲೆ ಸೋಪು ತಿಕ್ಕಿ ಇನ್ನೊಮ್ಮೆ ಒಗೆ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡ. ಮಾವನವರಿಗೆ ಬೇಕಾದರೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಈಗಿನ್ನೂ ಹನ್ನೊಂದು ಗಂಟೆ, ಐದು ಗಂಟೆಯ ಬಿಸಿಲು ನಿನ್ನ ಕೈಯಲ್ಲಿದೆ. ಏಳು, ಮೊದಲು ಅದನ್ನು ಬಕೆಟ್ಟಿನಿಂದ ತೆಗೆ.