1791ರಲ್ಲೇ ಮೊದಲ ತಿದ್ದುಪಡಿ, ಆದರೂ 1833ರವರೆಗೆ ಚರ್ಚ್ ತೆರಿಗೆ: ಇದು ಹೇಗೆ?

ಹಾಳೆಮಡಿಕೆ (ಪ್ರಶ್ನೆ)

ಅಮೆರಿಕದ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದದ್ದು 1791ರಲ್ಲಿ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದು ಅನ್ನುವುದು ಅದರ ಸಾರ ಅಂತ ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ಪಾದ್ರಿಯ ಸಂಬಳಕ್ಕೆ ಊರಿನವರಿಂದ ತೆರಿಗೆ ಎತ್ತುವುದು 1833ರವರೆಗೂ ನಡೆದಿತ್ತಂತೆ. ಯಾರೂ ಕೋರ್ಟಿಗೆ ಹೋಗಲಿಲ್ಲವೇ? ಇನ್ನೊಂದು ಅನುಮಾನ: ಧರ್ಮ, ನೀತಿ ಎರಡೂ ಇಲ್ಲದೆ ಗಣರಾಜ್ಯ ನಿಲ್ಲದು ಅಂತ ವಾಷಿಂಗ್ಟನ್ ಮತ್ತು ಜಾನ್ ಆಡಮ್ಸ್ ಇಬ್ಬರೂ ಹೇಳಿದ್ದಾರೆ. ಹಾಗಾದರೆ ‘ಕ್ರೈಸ್ತ ರಾಷ್ಟ್ರವಾಗಿಯೇ ಶುರುವಾಯಿತು’ ಅನ್ನುವವರ ಮಾತು ಸರಿಯೇ?

ಕಲಂ_ಉಪಕಲಂ

ತಿದ್ದುಪಡಿಯ ಮೊದಲ ಪದವನ್ನೇ ನೋಡಿ: ‘ಕಾಂಗ್ರೆಸ್’. ಕಾನೂನು ಮಾಡಕೂಡದು ಅಂದದ್ದು ಒಕ್ಕೂಟದ ಸಂಸತ್ತಿಗೆ, ರಾಜ್ಯಗಳಿಗಲ್ಲ. ರಾಜ್ಯದೊಳಗೆ ಏನು ನಡೆಯಬೇಕೆಂದು ಹೇಳುತ್ತಿದ್ದದ್ದು ಆಯಾ ರಾಜ್ಯದ ಸಂವಿಧಾನ. ಹಕ್ಕುಗಳ ಮಸೂದೆ (ಮೊದಲ ಹತ್ತು ತಿದ್ದುಪಡಿಗಳು) ರಾಜ್ಯಗಳಿಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಬ್ಯಾರನ್ ಮೊಕದ್ದಮೆಯಲ್ಲಿ ಖಚಿತವಾಗಿ ಹೇಳಿದ್ದೂ 1833ರಲ್ಲೇ. 1868ರ ಹದಿನಾಲ್ಕನೇ ತಿದ್ದುಪಡಿಯ ಮೂಲಕ ಈ ಧರ್ಮದ ಕಲಮುಗಳನ್ನು ರಾಜ್ಯಗಳ ಮೇಲೂ ಹೇರಿದ ತೀರ್ಪುಗಳು ಬಂದದ್ದು 1940 ಮತ್ತು 1947ರಲ್ಲಿ.

ಹಾಗಾಗಿ ಯಾವ ದಾಖಲೆ ಕೈಗೆ ಸಿಕ್ಕರೂ ಮೊದಲು ಇದು ಯಾವ ಸರ್ಕಾರದ್ದು ಅಂತ ಕೇಳಿ. ಈ ವಿಷಯದ ಮುಕ್ಕಾಲು ಜಗಳ ಅಲ್ಲಿಗೇ ಮುಗಿಯುತ್ತದೆ. 1787ರ ಒಕ್ಕೂಟ ಸಂವಿಧಾನದ ಆರನೇ ವಿಧಿಯ ಪ್ರಕಾರ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇಲ್ಲ. ಅದರಲ್ಲಿ ದೇವರ ಹೆಸರೂ ಇಲ್ಲ. ಕೊನೆಯಲ್ಲಿ ತಾರೀಕು ಬರೆಯುವಾಗ ‘ನಮ್ಮ ಪ್ರಭುವಿನ ವರ್ಷ’ ಅಂತಿದೆ, ಅಧ್ಯಕ್ಷರು ಮಸೂದೆ ಹಿಂದಿರುಗಿಸಬೇಕಾದ ಹತ್ತು ದಿನಗಳಲ್ಲಿ ಭಾನುವಾರ ಲೆಕ್ಕಕ್ಕಿಲ್ಲ ಅಂತಿದೆ, ಅಷ್ಟೇ. ಅದೇ ಕಾಲದ ರಾಜ್ಯಗಳ ಕಡೆ ತಿರುಗಿದರೆ ಚಿತ್ರವೇ ಬೇರೆ. 1776ರ ಡೆಲಾವೇರ್‌ನಲ್ಲಿ ಅಧಿಕಾರಕ್ಕೆ ಬರುವವನು ತ್ರಯೇಕ ದೇವರಲ್ಲಿ (ತಂದೆ, ಮಗ, ಪವಿತ್ರಾತ್ಮ) ನಂಬಿಕೆಯಿದೆ ಅಂತ ಸಹಿ ಮಾಡಬೇಕಿತ್ತು. ಮೇರಿಲ್ಯಾಂಡ್‌ನಲ್ಲಿ ಯೆಹೂದಿಗಳಿಗೆ ಹುದ್ದೆಯ ಬಾಗಿಲು ತೆರೆದದ್ದು 1826ರಲ್ಲಿ.

ಶಾನುಭೋಗ

ಮೇಲಿನವರು ಚೌಕಟ್ಟು ಹೇಳಿದ್ದಾರೆ, ತೆರಿಗೆಯ ಲೆಕ್ಕ ನಾನು ಹೇಳುತ್ತೇನೆ. ಕೋರ್ಟಿಗೆ ಹೋಗಿದ್ದರು, ಆದರೆ ರಾಜ್ಯದ ಕೋರ್ಟಿಗೆ.

ಮ್ಯಾಸಚೂಸೆಟ್ಸ್‌ನ 1780ರ ಸಂವಿಧಾನದ ಹಕ್ಕುಗಳ ಭಾಗದಲ್ಲಿ ಮೂರನೇ ಕಲಂ ಇದಕ್ಕೆ ಮೂಲ. ಭಕ್ತಿ, ಧರ್ಮ, ನೀತಿ ಕಲಿಸುವ ಪ್ರೊಟೆಸ್ಟೆಂಟ್ ಬೋಧಕನನ್ನು ಊರೂರೂ ಸಾಕಬೇಕು. ಬೋಧಕನನ್ನು ಆರಿಸುವುದು ಬಹುಮತ, ಹಾಗಾಗಿ ಹೆಚ್ಚಿನ ಊರುಗಳಲ್ಲಿ ಕಾಂಗ್ರಿಗೇಷನಲ್ ಪಂಥದ ಪಾದ್ರಿಯೇ ಬರುತ್ತಿದ್ದ. ಬೇರೆ ಪಂಥದ ಬ್ಯಾಪ್ಟಿಸ್ಟನೂ ತೆರಿಗೆ ಕಟ್ಟಬೇಕು. ಕಟ್ಟಿ, ತಾನು ಹೋಗುವ ಸಭೆಯ ಬೋಧಕನಿಗೆ ಅದನ್ನು ಕೊಡಿ ಅಂತ ಕೇಳಬಹುದು.

ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಕೆಟ್ಟದ್ದು ಆ ‘ಕೇಳಬಹುದು’ ಅನ್ನುವಲ್ಲಿ. ಹಣ ಮೊದಲು ಊರಿನ ಖಜಾನೆಗೆ ಹೋಗಿ ಬೀಳುತ್ತಿತ್ತು, ಬಿಡಿಸಿಕೊಳ್ಳುವ ಪಾಡು ಕಟ್ಟಿದವನದು. 1810ರಲ್ಲಿ ಫಾಲ್ಮತ್ ಊರಿನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಥಿಯೋಫಿಲಸ್ ಪಾರ್ಸನ್ಸ್, ಶಾಸನದ ಮೂಲಕ ನೋಂದಾಯಿತವಾದ ಸಭೆಗೆ ಮಾತ್ರ ಹಣ ಸಿಗುತ್ತದೆ ಅಂದುಬಿಟ್ಟರು. ಸಣ್ಣ ಸಭೆಗಳ ಬುಡಕ್ಕೇ ಕೊಡಲಿ ಬಿತ್ತು. ಗದ್ದಲವೆದ್ದು ಮರುವರ್ಷವೇ ಶಾಸನಸಭೆ ಕಾನೂನು ಮಾಡಿ, ಸಭೆ ನೋಂದಾಯಿತವಾಗಿರಲಿ ಬಿಡಲಿ, ಸದಸ್ಯತ್ವದ ಚೀಟಿಯನ್ನು ಊರಿನ ಗುಮಾಸ್ತನ ಬಳಿ ಸಲ್ಲಿಸಿದರೆ ಸಾಕು ಎಂದಿತು.

ವಸಾಹತು ಕಾಲದಲ್ಲಿ ಇದಕ್ಕಿಂತ ಒರಟು. 1770ರಲ್ಲಿ ಆಶ್‌ಫೀಲ್ಡ್ ಊರಿನ ಬ್ಯಾಪ್ಟಿಸ್ಟರು ತೆರಿಗೆ ಕಟ್ಟಲಿಲ್ಲವೆಂದು ಸುಮಾರು 400 ಎಕರೆ ಜಪ್ತಿ ಮಾಡಿ ಹರಾಜು ಹಾಕಿದರು. ಹಣ್ಣಿನ ತೋಟವೂ ಹೋಯಿತು, ಹೆಣ ಹೂಳುವ ಜಾಗವೂ ಹೋಯಿತು. ಮರುವರ್ಷ, ಈ ಜಪ್ತಿಗೆ ಆಧಾರವಾಗಿದ್ದ ಕಾನೂನನ್ನು ರದ್ದು ಮಾಡಿದ್ದು ಲಂಡನ್ನಿನ ರಾಜ! ಸ್ವಾತಂತ್ರ್ಯದ ಮಾತಾಡುತ್ತಿದ್ದ ಬಾಸ್ಟನ್ನಿನ ಮುಖಂಡರಿಗೆ ಇದು ಸಾಕಷ್ಟು ಮುಜುಗರ ತಂದಿರಬೇಕು.

ಕೊನೆಗೆ ತೆರಿಗೆಯನ್ನು ಕೆಡವಿದ್ದು ಅದನ್ನು ಉಣ್ಣುತ್ತಿದ್ದವರ ಒಳಜಗಳ. 1820ರ ಡೆಡಮ್ ತೀರ್ಪಿನಲ್ಲಿ, ಪಾದ್ರಿಯನ್ನು ಆರಿಸುವ ಹಕ್ಕು ತೆರಿಗೆ ಕಟ್ಟುವ ಊರಿನವರೆಲ್ಲ ಸೇರಿದ ಪ್ಯಾರಿಷ್‌ನದು, ದೀಕ್ಷೆ ಪಡೆದ ಸದಸ್ಯರದಲ್ಲ, ಆಸ್ತಿಯೂ ಪ್ಯಾರಿಷ್ ಜೊತೆಗೇ ಉಳಿಯುತ್ತದೆ ಅಂತಾಯಿತು. ಹಾಗೆ ಎಷ್ಟೋ ಊರಿನ ಹಳೇ ಚರ್ಚು ತ್ರಯೇಕ ದೇವರನ್ನು ಒಪ್ಪದ ಯೂನಿಟೇರಿಯನ್ನರ ಕೈಸೇರಿತು. ತೆರಿಗೆಯನ್ನು ಕಾಪಾಡಿಕೊಂಡು ಬಂದಿದ್ದ ಸಂಪ್ರದಾಯಸ್ಥರಿಗೇ ಈಗ ಅದು ಬೇಡವಾಯಿತು. 1833ರ ಜನಮತದಲ್ಲಿ ವಿರೋಧದ ಒಂದು ಮತಕ್ಕೆ ಪರವಾಗಿ ಸುಮಾರು ಹತ್ತು ಮತ ಬಿದ್ದು ತೆರಿಗೆ ರದ್ದಾಯಿತು.

ಹಾಳೆಮಡಿಕೆ

ತುಂಬಾ ಉಪಕಾರ ಸರ್. ಅಂದರೆ ಧರ್ಮನಿಷ್ಠರು ತೆರಿಗೆಯ ಪರ, ವಿಚಾರವಾದಿಗಳು ವಿರೋಧ ಅನ್ನುವ ಹಾಗೂ ಇರಲಿಲ್ಲ?

ಶಾನುಭೋಗ

ಇರಲಿಲ್ಲ. ನೀತಿಗೆ ಧರ್ಮ ಬೇಕು ಅನ್ನುವುದನ್ನು ಎರಡೂ ಕಡೆಯ ಹೆಚ್ಚಿನವರು ಒಪ್ಪಿದ್ದರು. ವಾಷಿಂಗ್ಟನ್ನರ 1796ರ ವಿದಾಯ ಪತ್ರ, ಆಡಮ್ಸರ 1798ರ ಪತ್ರ, 1787ರ ವಾಯವ್ಯ ಪ್ರಾಂತ್ಯದ ಶಾಸನ, ಎಲ್ಲದರಲ್ಲೂ ಆ ಮಾತಿದೆ. ಮೂರನೇ ಕಲಂ ಕೂಡ ತೆರಿಗೆಗೆ ಕೊಡುವ ಕಾರಣ ಮೋಕ್ಷವಲ್ಲ, ನಾಗರಿಕ ಸರ್ಕಾರದ ಸುವ್ಯವಸ್ಥೆ. ಜಗಳ ಇದ್ದದ್ದು ಅದರ ಖರ್ಚನ್ನು ಸರ್ಕಾರ ವಸೂಲಿ ಮಾಡಬೇಕೇ ಅನ್ನುವುದರಲ್ಲಿ.

ವರ್ಜೀನಿಯಾ ನೋಡಿ. 1784ರಲ್ಲಿ ಪ್ಯಾಟ್ರಿಕ್ ಹೆನ್ರಿ ಕ್ರೈಸ್ತ ಬೋಧಕರಿಗಾಗಿ ತೆರಿಗೆ ತರಲು ಹೊರಟಾಗ ಮ್ಯಾಡಿಸನ್ ಮರುವರ್ಷ 15 ಅಂಶಗಳ ಮನವಿ ಬರೆದರು. ಬರೀ ಮೂರು ಪೆನ್ನಿ ಕಸಿಯುವ ಅಧಿಕಾರ ಕೊಟ್ಟರೂ ಮುಂದೆ ಏನನ್ನು ಬೇಕಾದರೂ ಹೇರಬಹುದು ಅನ್ನುವುದು ಅದರ ಪಟ್ಟು. ಅವರ ಬೆನ್ನಿಗೆ ನಿಂತು ಅರ್ಜಿಗಳ ರಾಶಿ ಹಾಕಿದವರು ಬ್ಯಾಪ್ಟಿಸ್ಟರು ಮತ್ತು ಪ್ರೆಸ್ಬಿಟೇರಿಯನ್ನರು. ಮಸೂದೆ ಬಿದ್ದಿತು. ಜೆಫರ್ಸನ್ ಬರೆದಿದ್ದ ಧರ್ಮಸ್ವಾತಂತ್ರ್ಯ ಶಾಸನ 1786ರ ಜನವರಿಯಲ್ಲಿ ಪಾಸಾಯಿತು.

ಕಲಂ_ಉಪಕಲಂ

ನಮ್ಮ ಸಂವಿಧಾನದ 27ನೇ ವಿಧಿಯಲ್ಲೂ ಇದೇ ಮೂರು ಪೆನ್ನಿಯ ಪ್ರಶ್ನೆ ಇದೆ: ಒಂದು ನಿರ್ದಿಷ್ಟ ಧರ್ಮದ ಪೋಷಣೆಗೆಂದು ಮೀಸಲಾದ ತೆರಿಗೆಯನ್ನು ಯಾರಿಂದಲೂ ಬಲವಂತವಾಗಿ ಎತ್ತುವಂತಿಲ್ಲ.

ಮಾತುಗಳನ್ನು ಉಲ್ಲೇಖಿಸುವ ಮುನ್ನ ಒಂದು ಎಚ್ಚರಿಕೆ. ಅಮೆರಿಕದ ಭವಿಷ್ಯ ಹತ್ತು ಆಜ್ಞೆಗಳ ಮೇಲೆ ನಿಂತಿದೆ ಅಂತ ಮ್ಯಾಡಿಸನ್ ಹೆಸರಿನಲ್ಲಿ ಓಡಾಡುವ ಸಾಲು ಅವರ ಬರಹಗಳಲ್ಲಿ ಎಲ್ಲೂ ಇಲ್ಲ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ‘ಫೌಂಡರ್ಸ್ ಆನ್‌ಲೈನ್’ ಉಚಿತ. ಸಾಲಿನ ನಾಲ್ಕೈದು ಪದ ಹಾಕಿ ಹುಡುಕಿ, ಸಿಕ್ಕರೆ ಪತ್ರದ ತಾರೀಕು, ಯಾರಿಗೆ ಬರೆದದ್ದು, ಹಿಂದುಮುಂದಿನ ಪ್ಯಾರಾ ಮೂರನ್ನೂ ಓದಿ. ತಾರೀಕೇ ಇಲ್ಲದ ಉಲ್ಲೇಖವನ್ನು ಬಳಸಬೇಡಿ.

ತಿದ್ದುಪಡಿ_ತಿಮ್ಮ

ಸಣ್ಣದೊಂದು ಸೇರಿಸುತ್ತೇನೆ. 1833 ಅನ್ನುವುದು ತೆರಿಗೆಯ ಕೊನೆ ಮಾತ್ರ, ಧರ್ಮದ ಷರತ್ತುಗಳ ಕೊನೆ ಅಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶಾಸಕನಾಗಲು ಪ್ರೊಟೆಸ್ಟೆಂಟ್ ಆಗಿರಬೇಕು ಅನ್ನುವ ನಿಯಮ 1877ರವರೆಗೂ ಸಂವಿಧಾನದಲ್ಲೇ ಇತ್ತು.