ಅಪ್‌ಡೇಟ್: ಶೇವಿಂಗ್ ಬ್ರಷ್ ಹಿಡಿಗೆ ಅರಗಿನ ಬಣ್ಣ

ಲೇತ್‌ನಲ್ಲಿ (ಮರವನ್ನು ತಿರುಗಿಸಿ ಕಡೆಯುವ ಯಂತ್ರ) ಕಡೆದ ಹಾಲೆ ಮರದ ಬ್ರಷ್ ಹಿಡಿಗೆ ಚನ್ನಪಟ್ಟಣದ ಗೊಂಬೆಗಳ ಹಾಗೆ ಅರಗು ಹಾಕಬಹುದಾ ಅಂತ ಕೇಳಿದ್ದೆ. ಬಿಸಿನೀರಿಗೆ ಅರಗು ತಡೆಯಲ್ಲ ಅಂದಿದ್ದಿರಿ. ನಿಜ. ಬಿಸಿನೀರಿನ ಮಗ್‌ನಲ್ಲಿ ಇಟ್ಟ, ಅರಗು ಹಾಕಿದ ಮರದ ತುಂಡು ಅಂಚಲ್ಲೆಲ್ಲ ಬಿಳಿಚಿಕೊಂಡಿತು.

ಹಾಗಾಗಿ ಈಗ ಅರಗು ಹಿಡಿಯ ಕೆಳಭಾಗಕ್ಕೆ ಮಾತ್ರ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಅಂಟುತ್ತದೆ. ಮೇಲೆ ಕೇದಿಗೆ ಗರಿ ಒತ್ತಿ ಹಿಡಿದಾಗ ಬರುವ ಹೊಳಪಿದೆಯಲ್ಲ, ಅದನ್ನು ಬಿಡಲು ಮನಸ್ಸೇ ಬರಲಿಲ್ಲ! ನೀರು ತಾಕುವ ಮೇಲ್ಭಾಗಕ್ಕೂ, ಕೂದಲಿನ ಗುಚ್ಛ ಕೂರುವ ಗುಳಿಯ ಒಳಗೂ ನೀರು ತಡೆಯುವ ಎಪಾಕ್ಸಿ ಅಂಟು ಬಳಿದೆ. ಕೂದಲಿನ ಗುಚ್ಛದ ಬುಡ 24 ಮಿ.ಮೀ. ಇದ್ದರೆ ಗುಳಿಯ ಅಗಲ ಸ್ವಲ್ಪ ಜಾಸ್ತಿಯೇ ಇರಲಿ. ಅಂಟಿಗೂ ಜಾಗ ಬೇಕಲ್ವಾ. ನೆನೆಸುವಾಗ ಕೂದಲನ್ನಷ್ಟೇ ನೀರಿಗೆ ಇಳಿಸುತ್ತಿದ್ದೇನೆ. ಸದ್ಯಕ್ಕೆ ಬಣ್ಣ ಗಟ್ಟಿಯಾಗಿದೆ.